ಅಲೆಯೇರುವ ಹಲಗೆ ಮತ್ತು ಅಪರಿಚಿತ ತೀರ

ಬೇಸಿಗೆ ರಜೆ. ನೀವು ಹಿಂದೆಂದೂ ನೋಡದ ಒಂದು ಕಡಲತೀರಕ್ಕೆ ಹೊರಟಿದ್ದೀರಿ ಎಂದುಕೊಳ್ಳಿ. ಜೊತೆಗೆ ಒಂದು ಫೋಮ್ ಹಲಗೆ ಇದೆ. ಉದ್ದ ಒಂದು ಮೀಟರಿಗಿಂತ ತುಸು ಹೆಚ್ಚು, ತೂಕ ಎರಡು ಕಿಲೋಗ್ರಾಂ ಆಸುಪಾಸು. ಸೊಂಟಮಟ್ಟದ ನೀರಿನಲ್ಲಿ ನಿಂತು, ಅಲೆ ಹತ್ತಿರ ಬಂದಾಗ ಈ ಹಲಗೆಯ ಮೇಲೆ ಬೋರಲು ಮಲಗಿ ಕಾಲು ಬಡಿದರೆ, ಅಲೆ ನಿಮ್ಮನ್ನು ಎತ್ತಿಕೊಂಡು ದಡದತ್ತ ಓಡುತ್ತದೆ. ಇದೇ ಬಾಡಿಬೋರ್ಡಿಂಗ್. ನಿಂತು ಸವಾರಿ ಮಾಡುವ ಸರ್ಫಿಂಗ್‌ಗೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಇದಕ್ಕೆ ಹೆಚ್ಚು ಹೊತ್ತು ಬೇಡ. ಮೊದಲ ದಿನವೇ ಯಾರಾದರೂ ಒಂದೆರಡು ಅಲೆಗಳನ್ನು ಏರಬಲ್ಲರು.

ಈ ಆಟದ ಹಿಂದೆ ಎರಡು ಇತಿಹಾಸಗಳಿವೆ. ಒಂದು ಹಲಗೆಯದು, ಇನ್ನೊಂದು ತೀರವನ್ನು ಅರಿತುಕೊಂಡ ವಿಜ್ಞಾನದ್ದು. ಹಲಗೆ ಇಂದು ಎಲ್ಲ ಕಡೆಗೂ ತಲುಪಿದೆ. ತೀರದ ಅರಿವು ಅಷ್ಟು ವೇಗವಾಗಿ ತಲುಪಿಲ್ಲ. ಇವೆರಡರ ನಡುವಿನ ಅಂತರ ಪ್ರತಿ ವರ್ಷವೂ ಜೀವಗಳನ್ನು ಬಲಿ ತೆಗೆದುಕೊಳ್ಳುತ್ತಿದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು.

1779: ಕೆಅಲಕೆಕುಅ ಕೊಲ್ಲಿ

ಬ್ರಿಟಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಮೂರನೆಯ ಯಾನದ ಹಡಗುಗಳು 1779ರ ಜನವರಿಯಲ್ಲಿ ಹವಾಯಿ ದ್ವೀಪದ ಪಶ್ಚಿಮ ತೀರದ ಕೆಅಲಕೆಕುಅ ಕೊಲ್ಲಿಯಲ್ಲಿ ಲಂಗರು ಹಾಕಿದವು. ಅದೇ ಕೊಲ್ಲಿಯಲ್ಲಿ ಫೆಬ್ರವರಿ 14ರಂದು ಕುಕ್ ಕೊಲೆಯಾದ. ಯಾನದ ಕಥನವನ್ನು ಬರೆದು ಮುಗಿಸುವ ಹೊಣೆ ಲೆಫ್ಟಿನೆಂಟ್ ಜೇಮ್ಸ್ ಕಿಂಗ್‌ನ ಪಾಲಿಗೆ ಬಂತು. 1784ರಲ್ಲಿ ಪ್ರಕಟವಾದ ಆ ಕಥನದಲ್ಲಿ ಕಿಂಗ್ ತಾನು ಕಂಡ ಒಂದು ಆಟವನ್ನು ವಿವರವಾಗಿ ಬಣ್ಣಿಸಿದ್ದಾನೆ.

ಕಡಲು ಉಕ್ಕೇರಿದ ದಿನಗಳಲ್ಲಿ ಇಪ್ಪತ್ತು ಮೂವತ್ತು ಜನ ಒಟ್ಟಾಗಿ ನೀರಿಗಿಳಿಯುತ್ತಿದ್ದರು. ಪ್ರತಿಯೊಬ್ಬರ ಬಳಿಯೂ ಒಂದೊಂದು ಕಿರಿದಾದ ಹಲಗೆ. ಅದರ ಮೇಲೆ ಬೋರಲು ಮಲಗಿ, ಎದುರು ಬರುವ ಅಲೆಗಳ ಅಡಿಯಲ್ಲಿ ಮುಳುಗುತ್ತಾ ಏಳುತ್ತಾ ಅಲೆ ಒಡೆಯುವ ಜಾಗವನ್ನು ದಾಟಿ ಆಚೆ ಹೋಗುತ್ತಿದ್ದರು. ಅಲ್ಲಿ ಅತಿ ದೊಡ್ಡ ಅಲೆಗಾಗಿ ಕಾದು, ಅದರ ನೆತ್ತಿಯ ಮೇಲೆ ದಡದತ್ತ ಧಾವಿಸುತ್ತಿದ್ದರು. ದಡದಲ್ಲಿ ಬಂಡೆಗಳ ಸಾಲು, ನಡುನಡುವೆ ಸಣ್ಣ ಸಣ್ಣ ಕಿಂಡಿಗಳು. ಹಲಗೆಯನ್ನು ಕಿಂಡಿಯೊಳಗೆ ನುಗ್ಗಿಸಬೇಕು. ಅದು ಸಾಧ್ಯವಿಲ್ಲ ಎಂದು ಕಂಡ ಕ್ಷಣವೇ ಹಲಗೆಯನ್ನು ಬಿಟ್ಟು ಅಲೆಯಡಿಗೆ ಧುಮುಕಿ ಹಿಂದಿರುಗಬೇಕು. ಹಾಗೆ ಬಿಟ್ಟ ಹಲಗೆಗಳು ಬಂಡೆಗೆ ಬಡಿದು ಚೂರಾಗುವುದನ್ನು ಕಿಂಗ್ ಭಯದಿಂದ ನೋಡಿದ್ದ.

ಇದೇ ಯಾನದ ಚಿತ್ರಕಾರ ಜಾನ್ ವೆಬ್ಬರ್ ಬರೆದ ಆ ಕೊಲ್ಲಿಯ ಚಿತ್ರದಲ್ಲೂ ದೋಣಿಗಳ ನಡುವೆ ಹಲಗೆಯ ಮೇಲೆ ಮಲಗಿ ಕೈಬಡಿಯುವ ಒಬ್ಬ ವ್ಯಕ್ತಿ ಕಾಣುತ್ತಾನೆ.

ಕಿಂಗ್‌ನ ವಿವರಣೆಯಲ್ಲಿ ನೀವು ಗಮನಿಸಬೇಕಾದ ಅಂಶ ಒಂದಿದೆ. ಸಾಹಸಕ್ಕಿಂತ ಹೆಚ್ಚಾಗಿ ಅಲ್ಲಿ ಕಾಣುವುದು ಆ ಜನರಿಗಿದ್ದ ಸ್ಥಳಜ್ಞಾನ. ಯಾವ ಅಲೆ ದಡದವರೆಗೆ ಒಯ್ಯುತ್ತದೆ, ಯಾವುದು ನಡುವೆ ಕೈಬಿಡುತ್ತದೆ, ಕಿಂಡಿ ಎಲ್ಲಿದೆ, ಹಲಗೆಯನ್ನು ಯಾವಾಗ ಬಿಡಬೇಕು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಅವರು ಹುಟ್ಟಿ ಬೆಳೆದ ತೀರ ಅದು.

ಪೈಪೊ ಹಲಗೆಯಿಂದ ಪ್ರವಾಸಿಗರ ತೀರಕ್ಕೆ

ಹವಾಯಿಯ ಜನ ಹಲವು ಅಳತೆಯ ಹಲಗೆಗಳನ್ನು ಮಾಡುತ್ತಿದ್ದರು. ಅತಿ ಉದ್ದದ್ದು ಓಲೊ. ನಡುವಿನದು ಅಲಾಯಾ. ಬೋರಲು ಮಲಗಿ ಸವಾರಿ ಮಾಡಲು ಬಳಸುತ್ತಿದ್ದ ಗಿಡ್ಡ, ತೆಳು ಹಲಗೆ ಪೈಪೊ. ಇಂದಿನ ಬಾಡಿಬೋರ್ಡಿನ ನೇರ ಪೂರ್ವಜ ಇದೇ. ಕೋಆ ಎಂಬ ಗಟ್ಟಿ ಮರ, ನಮ್ಮ ಕರಾವಳಿಯವರಿಗೆ ಜೀಗುಜ್ಜೆಯೆಂದು ಪರಿಚಿತವಾದ ಮರ, ಹಗುರವಾದ ವಿಲಿವಿಲಿ ಮರ ಇವುಗಳಿಂದ ಹಲಗೆ ತಯಾರಾಗುತ್ತಿತ್ತು. ವಿಲಿವಿಲಿಯು ನಮ್ಮ ಹೊಂಗಾರೆಯ ಕುಲಕ್ಕೇ ಸೇರಿದ್ದು. ಹಳೆಯ ಹಲಗೆಗಳನ್ನು ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಇಂದೂ ಕಾಣಬಹುದು.

ಕುಕ್ ಬಂದುಹೋದ ನಂತರದ ನೂರು ವರ್ಷಗಳಲ್ಲಿ ಹೊರಗಿನಿಂದ ಬಂದ ಸಾಂಕ್ರಾಮಿಕ ರೋಗಗಳು ಹವಾಯಿಯ ಮೂಲನಿವಾಸಿಗಳ ಬಹುಭಾಗವನ್ನು ಕೊಂದವು. 1820ರಿಂದ ಬಂದ ಮಿಷನರಿಗಳಿಗೆ ಈ ಆಟ ಹಿಡಿಸಲಿಲ್ಲ. ತೀರವನ್ನು ಬಲ್ಲವರು ಕಡಿಮೆಯಾದಂತೆ ಆಟವೂ ಕ್ಷೀಣಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈಕಿಕಿ ತೀರದಲ್ಲಿ ಅದು ಮತ್ತೆ ಚಿಗುರಿತು. ಈ ಬಾರಿ ಪ್ರವಾಸಿಗರೂ ಜೊತೆಗಿದ್ದರು.

ಆ ಪ್ರವಾಸಿಗರಲ್ಲಿ ಒಬ್ಬರ ಹೆಸರು ನಿಮಗೆ ಗೊತ್ತು. ಪತ್ತೇದಾರಿ ಕಾದಂಬರಿಗಳ ಅಗಾಥ ಕ್ರಿಸ್ಟಿ! 1922ರಲ್ಲಿ ಗಂಡನೊಡನೆ ಲೋಕ ಸುತ್ತುತ್ತಿದ್ದಾಗ ಆಕೆ ಮೊದಲು ದಕ್ಷಿಣ ಆಫ್ರಿಕದ ಕೇಪ್‌ಟೌನ್ ಬಳಿಯ ಮ್ಯೂಜೆನ್‌ಬರ್ಗ್‌ನಲ್ಲಿ ತೆಳುವಾದ ಮರದ ಹಲಗೆಯ ಮೇಲೆ ಮಲಗಿ ಅಲೆಯೇರುವುದನ್ನು ಕಲಿತರು. ಅದೇ ವರ್ಷ ಆಗಸ್ಟ್‌ನಲ್ಲಿ ವೈಕಿಕಿಗೆ ಬಂದಾಗ, ಕೇಪ್‌ಟೌನ್‌ನಲ್ಲಿ ಕಲಿತದ್ದು ಇಲ್ಲಿಗೆ ಸಾಲದು ಎಂದು ತಿಳಿಯಿತು. ಅಲ್ಲಿ ಮರಳಿನ ತಳ, ಇಲ್ಲಿ ಹವಳದ ದಿಬ್ಬ. ಹವಳ ತಾಗಿ ಕಾಲು ಗಾಯವಾಯಿತು. ತೀರ ಬದಲಾದಾಗ ಪಾಠವೂ ಬದಲಾಗುತ್ತದೆ ಎಂಬುದಕ್ಕೆ ಇದು ಸೌಮ್ಯವಾದ ಉದಾಹರಣೆ.

1971: ವಿದ್ಯುತ್ ಚಾಕು, ಇಸ್ತ್ರಿಪೆಟ್ಟಿಗೆ, ಹಳೆಯ ಪತ್ರಿಕೆ

ಟಾಮ್ ಮೋರಿ ಗಣಿತದ ಪದವೀಧರ. ಅಮೆರಿಕದ ಡಗ್ಲಸ್ ವಿಮಾನ ಕಂಪನಿಯಲ್ಲಿ ಸಂಯುಕ್ತ ವಸ್ತುಗಳ ಮೇಲೆ ಕೆಲಸ ಮಾಡಿದವನು, ಜೊತೆಗೆ ಸರ್ಫಿಂಗ್ ಹುಚ್ಚು. 1971ರಲ್ಲಿ ಆತ ವಾಸವಿದ್ದದ್ದು ಹವಾಯಿ ದ್ವೀಪದ ಅದೇ ಪಶ್ಚಿಮ ತೀರದಲ್ಲಿ, ಕಿಂಗ್ ಬೆರಗಾಗಿ ನಿಂತಿದ್ದ ಕೊಲ್ಲಿಯಿಂದ ಕೆಲವೇ ಮೈಲಿ ಉತ್ತರಕ್ಕೆ.

ಅವನ ಬಳಿ ಒಂಬತ್ತು ಅಡಿ ಉದ್ದದ ಪಾಲಿಎಥಿಲೀನ್ ಫೋಮ್ ತುಂಡೊಂದಿತ್ತು. ಅದನ್ನು ಅರ್ಧಕ್ಕೆ ಕತ್ತರಿಸಿದ. ಅಡುಗೆಮನೆಯ ವಿದ್ಯುತ್ ಚಾಕುವಿನಿಂದ ಅಂಚುಗಳನ್ನು ಕೊರೆದ. ಮೇಲ್ಮೈ ನುಣುಪಾಗಲೆಂದು, ಫೋಮ್ ಇಸ್ತ್ರಿಪೆಟ್ಟಿಗೆಗೆ ಅಂಟದಿರಲೆಂದು ನಡುವೆ ವೃತ್ತಪತ್ರಿಕೆಯ ಹಾಳೆ ಇಟ್ಟು ಬಿಸಿ ಒತ್ತಿದ. 1971ರ ಜುಲೈ 7ರಂದು ಅದನ್ನು ಕಡಲಿಗೆ ಒಯ್ದು ಅಲೆಯೇರಿದ. ಬೂಗಿ ಎಂಬ ಜ್ಯಾಸ್ ಸಂಗೀತದ ಶೈಲಿಯ ಮೇಲಿನ ಪ್ರೀತಿಯಿಂದ ಹಲಗೆಗೆ ಬೂಗಿ ಬೋರ್ಡ್ ಎಂದು ಹೆಸರಿಟ್ಟ. ಮುಂದೆ ಕ್ಯಾಲಿಫೋರ್ನಿಯದ ಕಾರ್ಲ್ಸ್‌ಬಾಡ್‌ನಲ್ಲಿ ತಯಾರಿಕೆ ಆರಂಭವಾಯಿತು. 1977ರಲ್ಲಿ ಆತ ಉದ್ಯಮವನ್ನು ಮಾರಿದ. 2021ರಲ್ಲಿ, 86ನೆಯ ವಯಸ್ಸಿನಲ್ಲಿ ತೀರಿಕೊಂಡ.

ಈ ಫೋಮ್‌ನಲ್ಲಿ ವಿಶೇಷವೇನು? ಸ್ಪಂಜಿನಲ್ಲಿ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ, ಆದ್ದರಿಂದ ಅದು ನೀರು ಹೀರುತ್ತದೆ. ಪಾಲಿಎಥಿಲೀನ್ ಫೋಮ್‌ನಲ್ಲಿ ಗಾಳಿ ತುಂಬಿದ ಪ್ರತಿ ಕೋಶವೂ ಮುಚ್ಚಿದ ಪುಟ್ಟ ಪೆಟ್ಟಿಗೆ. ನೀರು ಒಳಹೊಗುವುದಿಲ್ಲ. ಹಲಗೆ ಬಾಗುತ್ತದೆ, ಒಡೆಯುವುದಿಲ್ಲ, ತಲೆಗೆ ಬಡಿದರೂ ಮರದಷ್ಟು ಪೆಟ್ಟಾಗುವುದಿಲ್ಲ.

ಆರ್ಕಿಮಿಡೀಸ್ ತತ್ತ್ವವನ್ನು ಇಲ್ಲಿ ಅನ್ವಯಿಸಿ ನೋಡಿ. ಒಂದು ಹಲಗೆಯ ಗಾತ್ರ 25 ಲೀಟರ್ ಎಂದಿಟ್ಟುಕೊಳ್ಳಿ. ಪೂರ್ತಿ ಮುಳುಗಿದರೆ ಅದು ಸುಮಾರು 25 ಕಿ.ಗ್ರಾಂ. ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ. ತನ್ನದೇ ತೂಕ 2 ಕಿ.ಗ್ರಾಂ. ಕಳೆದರೆ ಉಳಿಯುವುದು 23 ಕಿ.ಗ್ರಾಂ. ಭಾರವನ್ನು ಹೊರುವಷ್ಟು ತೇಲುಬಲ. ನಮ್ಮ ಶರೀರದ ಸಾಂದ್ರತೆ ನೀರಿಗೆ ಹತ್ತಿರವಿರುವುದರಿಂದ ಎದೆಯನ್ನು ನೀರಿನ ಮೇಲೆ ಎತ್ತಿಹಿಡಿಯಲು ಇದು ಸಾಕು. ಆದರೆ ಕೈಯಿಂದ ಜಾರಿದ ಕೂಡಲೇ ಆ ಬಲ ನಿಮ್ಮದಲ್ಲ. ಜೀವರಕ್ಷಕ ಜಾಕೆಟ್ ಮೈಗೆ ಕಟ್ಟಿಕೊಂಡಿರುತ್ತದೆ, ಹಲಗೆ ಹಾಗಲ್ಲ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು.

ಮೋರಿಯ ಹಲಗೆ ಅಗ್ಗ, ಹಗುರ, ಬಸ್ಸಿನಲ್ಲೂ ಒಯ್ಯಬಹುದಾದದ್ದು. ಪೈಪೊ ಸವಾರ ತನ್ನ ಊರಿನ ತೀರ ಬಿಟ್ಟು ಹೋಗುತ್ತಿದ್ದದ್ದು ಅಪರೂಪ. ಬಾಡಿಬೋರ್ಡಿನ ಸವಾರ ರಜೆ ಬಂದಾಗಲೆಲ್ಲ ಹೊಸ ತೀರ ಹುಡುಕುತ್ತಾನೆ. ತಲೆಮಾರುಗಳಿಂದ ಜೊತೆಯಾಗಿದ್ದ ಹಲಗೆ ಮತ್ತು ಸ್ಥಳಜ್ಞಾನ ಇಲ್ಲಿ ಬೇರೆಯಾದವು.

ಗೊತ್ತಿಲ್ಲದ ತೀರವನ್ನು ಓದುವ ವಿದ್ಯೆ

ಹಾಗಾದರೆ ಎಂದೂ ಕಾಣದ ತೀರವನ್ನು ಅರಿಯಲು ದಾರಿಯಿದೆಯೇ? ಇದೆ. ಬಾಡಿಬೋರ್ಡ್ ತಯಾರಾದ ಕಾರ್ಲ್ಸ್‌ಬಾಡ್‌ನಿಂದ ದಕ್ಷಿಣಕ್ಕೆ, ಅದೇ ಕರಾವಳಿಯಲ್ಲಿ ಲಾ ಹೋಯಾ ಎಂಬ ಊರಿದೆ. ಅಲ್ಲಿನ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಯ ಬಹುಭಾಗ ರೂಪುಗೊಂಡಿತು. ಕಾಲ ಮಾತ್ರ ಮೂವತ್ತು ವರ್ಷ ಹಿಂದಿನದು, ಕಾರಣ ಎರಡನೆಯ ಮಹಾಯುದ್ಧ.

ಶತ್ರುವಿನ ವಶದಲ್ಲಿರುವ ತೀರಕ್ಕೆ ಚಪ್ಪಟೆ ತಳದ ದೋಣಿಗಳಲ್ಲಿ ಸೈನ್ಯ ಇಳಿಸಬೇಕು. ಅಲ್ಲಿನ ಅಲೆ ಹೇಗಿದೆ, ನೀರು ಎಷ್ಟು ಆಳ ಎಂದು ಮೊದಲೇ ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು 1943ರ ನವೆಂಬರ್ 20ರಂದು ಶಾಂತಸಾಗರದ ತಾರಾವ ದ್ವೀಪಸಮೂಹದಲ್ಲಿ ಜಗತ್ತು ಕಂಡಿತು. ನಿರೀಕ್ಷಿಸಿದಷ್ಟು ಉಬ್ಬರ ಬರಲಿಲ್ಲ. ಅಮೆರಿಕದ ದೋಣಿಗಳು ಹವಳದ ದಿಬ್ಬದ ಮೇಲೆ ಕಚ್ಚಿಕೊಂಡವು. ಸೈನಿಕರು ಗುಂಡಿನ ಮಳೆಯಲ್ಲಿ ನೂರಾರು ಮೀಟರ್ ನೀರಿನಲ್ಲೇ ನಡೆಯಬೇಕಾಯಿತು. ಮೂರು ದಿನಗಳ ಆ ಕದನದಲ್ಲಿ ಅಮೆರಿಕದ ಕಡೆಯವರೇ ಸುಮಾರು ಸಾವಿರ ಜನ ಸತ್ತರು. ಚಂದ್ರ ಭೂಮಿಯಿಂದ ದೂರವಿದ್ದ ಸಮಯಕ್ಕೇ ಅಷ್ಟಮಿಯ ಆಸುಪಾಸಿನ ದುರ್ಬಲ ಉಬ್ಬರವೂ ಕೂಡಿಬಂದದ್ದು ಅಂದು ನೀರು ಏರದಿರಲು ಕಾರಣವೆಂದು 1987ರ ವಿಶ್ಲೇಷಣೆಯೊಂದು ತೋರಿಸಿತು.

ಯುರೋಪಿನ ಕಡೆ ಬ್ರಿಟಿಷರು ನಾರ್ಮಂಡಿಯ ತೀರವನ್ನು ಇಬ್ಬಗೆಯಲ್ಲಿ ಓದಿದರು. 1943ರ ಡಿಸೆಂಬರ್ 31ರ ರಾತ್ರಿ ಇಬ್ಬರು ಸೈನಿಕರು ಕಗ್ಗತ್ತಲಲ್ಲಿ ಈಜಿ ಹೋಗಿ ಮರಳಿನ ಮಾದರಿ ತಂದರು, ಟ್ಯಾಂಕುಗಳು ಹೂತುಹೋಗುವವೇ ಎಂದು ಪರೀಕ್ಷಿಸಲು. ಇನ್ನೊಂದು ಮಾರ್ಗ ವಿಮಾನದಿಂದ ತೆಗೆದ ಛಾಯಾಚಿತ್ರಗಳು. ಚಿತ್ರದಲ್ಲಿ ನೀರಿನ ಆಳ ಕಾಣುವುದಿಲ್ಲ, ಅಲೆಗಳು ಕಾಣುತ್ತವೆ. ತಳ ಹತ್ತಿರವಾದಂತೆ ಅಲೆಯ ವೇಗ ತಗ್ಗುತ್ತದೆ. ಆಳವಿಲ್ಲದ ನೀರಿನಲ್ಲಿ ಅಲೆಯ ವೇಗ ಬೇಕಾದರೆ ಆಳವನ್ನು ಗುರುತ್ವ ವೇಗೋತ್ಕರ್ಷ 9.8ರಿಂದ ಗುಣಿಸಿ ವರ್ಗಮೂಲ ತೆಗೆಯಬೇಕು. ಇದನ್ನೇ ತಿರುಗಿಸಿದರೆ ವೇಗದಿಂದ ಆಳ ಸಿಗುತ್ತದೆ. ಉದಾಹರಣೆಗೆ, 2 ಸೆಕೆಂಡು ಅಂತರದ ಎರಡು ಚಿತ್ರಗಳಲ್ಲಿ ಒಂದು ಅಲೆ 12 ಮೀ. ಮುಂದೆ ಸರಿದಿದೆ ಎನ್ನಿ. ವೇಗ ಸೆಕೆಂಡಿಗೆ 6 ಮೀ. ಅದರ ವರ್ಗ 36. ಅದನ್ನು 9.8ರಿಂದ ಭಾಗಿಸಿದರೆ ಆಳ ಸುಮಾರು 3.7 ಮೀ. ಪ್ರೌಢಶಾಲೆಯ ಗಣಿತದಿಂದ ಕಾಲಿಡದ ತೀರದ ಆಳ!

ಅಲೆಯ ಮುನ್ಸೂಚನೆಯ ಕೆಲಸ ಹರಾಲ್ಡ್ ಸ್ವೆರ್‌ದ್ರುಪ್ ಮತ್ತು ಅವರ ಶಿಷ್ಯ ವಾಲ್ಟರ್ ಮಂಕ್ ಅವರದು. ಉತ್ತರ ಆಫ್ರಿಕದಲ್ಲಿ ಇಳಿಯಲಿದ್ದ ಪಡೆಗಳು ಅಮೆರಿಕದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅಲೆ ತುಸು ಎತ್ತರವಾದರೂ ಅಭ್ಯಾಸ ನಿಲ್ಲಿಸುತ್ತಿದ್ದುದನ್ನು ಮಂಕ್ ಗಮನಿಸಿದರು. ಆಫ್ರಿಕದ ತೀರದಲ್ಲಿ ಚಳಿಗಾಲದ ಅಲೆಗಳು ಅದಕ್ಕಿಂತ ದೊಡ್ಡವು. ಗಾಳಿಯ ವೇಗ, ಅದು ಬೀಸಿದ ಅವಧಿ, ಬೀಸಿದ ಜಲರಾಶಿಯ ಉದ್ದ ಈ ಮೂರರಿಂದ ಅಲೆಯ ಎತ್ತರ ಲೆಕ್ಕಹಾಕುವ ವಿಧಾನವನ್ನು ಗುರು ಶಿಷ್ಯರು ರೂಪಿಸಿದರು. 1944ರ ಜೂನ್ 6ರ ನಾರ್ಮಂಡಿ ಆಕ್ರಮಣಕ್ಕೂ ಅದು ಬಳಕೆಯಾಯಿತು.

ಒಂದು ಸ್ವಾರಸ್ಯ ಕೇಳಿ. ಎಲ್ಲ ಅಲೆಗಳೂ ಒಂದೇ ಎತ್ತರ ಇರುವುದಿಲ್ಲವಷ್ಟೆ. ಹಾಗಿದ್ದರೆ ಇಂದಿನ ಅಲೆ ಎರಡು ಮೀಟರ್ ಎಂದರೆ ಏನರ್ಥ? ಅನುಭವಿ ದೋಣಿಯವರು ಕಣ್ಣಂದಾಜಿನಲ್ಲಿ ಹೇಳುವ ಎತ್ತರವು, ಅತಿ ಎತ್ತರದ ಮೂರನೆಯ ಒಂದು ಭಾಗ ಅಲೆಗಳ ಸರಾಸರಿಗೆ ಹತ್ತಿರವಿದೆ ಎಂದು ಕಂಡುಬಂತು. ಅದನ್ನೇ ಅಳತೆಯಾಗಿ ಸ್ವೀಕರಿಸಲಾಯಿತು. ಇಂದಿಗೂ ಮುನ್ಸೂಚನೆಗಳಲ್ಲಿ ಕೊಡುವ ಅಲೆಯ ಎತ್ತರ ಇದೇ. ಅಂದರೆ ಮುನ್ಸೂಚನೆ ಎರಡು ಮೀಟರ್ ಎಂದಿದ್ದರೆ ಅದಕ್ಕಿಂತ ಎತ್ತರದ ಅಲೆಗಳೂ ಬಂದೇ ಬರುತ್ತವೆ.

ಅಲೆ ಎಲ್ಲಿಂದ ಬಂತು?

ಯುದ್ಧ ಮುಗಿದ ಮೇಲೆ ಮಂಕ್ ಇನ್ನೊಂದು ಪ್ರಶ್ನೆ ಹಿಡಿದರು. ಬಿರುಗಾಳಿಯಲ್ಲಿ ಹುಟ್ಟಿದ ಅಲೆ ಎಷ್ಟು ದೂರ ಹೋಗಬಲ್ಲದು? 1963ರಲ್ಲಿ ಅವರ ತಂಡ ಶಾಂತಸಾಗರದ ಉದ್ದಕ್ಕೂ ಆರು ಕಡೆ ಉಪಕರಣ ಹೂಡಿತು: ನ್ಯೂಜಿಲೆಂಡ್, ಸಮೋವಾ, ನಿರ್ಜನ ಪಾಲ್ಮೈರಾ, ಹವಾಯಿ, ತೆರೆದ ಸಾಗರದಲ್ಲಿ ನೆಟ್ಟಗೆ ನಿಲ್ಲಬಲ್ಲ ಫ್ಲಿಪ್ ಎಂಬ ವಿಚಿತ್ರ ನೌಕೆ, ಕೊನೆಗೆ ಅಲಾಸ್ಕದ ಯಾಕುಟಾಟ್. ಮಂಕ್ ತಾವೇ ಕುಟುಂಬದೊಡನೆ ಸಮೋವಾದಲ್ಲಿ ಉಳಿದರು. ಅಂಟಾರ್ಕ್ಟಿಕ ಕಡೆಯ ಚಳಿಗಾಲದ ಬಿರುಗಾಳಿಗಳಲ್ಲಿ ಹುಟ್ಟಿದ ಅಲೆಗಳು 10,000 ಕಿ.ಮೀ.ಗೂ ಹೆಚ್ಚು ದೂರ ಸಾಗಿ, ಸಮಭಾಜಕ ವೃತ್ತ ದಾಟಿ ಅಲಾಸ್ಕದ ತೀರ ಮುಟ್ಟಿದವು. ಬಿರುಗಾಳಿಯ ವಲಯ ದಾಟಿದ ಮೇಲೆ ದಾರಿಯಲ್ಲಿ ಅವು ಕಳೆದುಕೊಂಡ ಶಕ್ತಿ ತೀರ ಅಲ್ಪ.

ಹೀಗೆ ಹುಟ್ಟಿದ ಗಾಳಿಯನ್ನು ಹಿಂದೆ ಬಿಟ್ಟು ಬರುವ ಅಲೆಗೆ ಸಾಗರವಿಜ್ಞಾನದಲ್ಲಿ ಸ್ವೆಲ್ ಎನ್ನುತ್ತಾರೆ. ನಾವಿಲ್ಲಿ ದೂರದಲೆ ಎನ್ನೋಣ. ಇದನ್ನು ಗುರುತಿಸುವ ಚಹರೆ ಆವರ್ತಕಾಲ, ಅಂದರೆ ಒಂದು ಅಲೆಯ ನೆತ್ತಿ ಬಂದ ಮೇಲೆ ಮುಂದಿನ ನೆತ್ತಿ ಬರಲು ಹಿಡಿಯುವ ಸಮಯ. ಹತ್ತಿರದ ಗಾಳಿ ಎಬ್ಬಿಸಿದ ಅಲೆಗಳಲ್ಲಿ ಇದು ಐದಾರು, ಏಳು ಸೆಕೆಂಡು. ದೂರದಲೆಗಳಲ್ಲಿ ಹನ್ನೆರಡು, ಹದಿನಾಲ್ಕು, ಕೆಲವೊಮ್ಮೆ ಇಪ್ಪತ್ತು ಸೆಕೆಂಡು. ಆವರ್ತಕಾಲ ಗೊತ್ತಾದರೆ ಆಳ ಸಾಗರದಲ್ಲಿ ಅಲೆಯ ವೇಗ ಎಷ್ಟಿತ್ತೆಂದು ಹೇಳಬಹುದು. ಸೆಕೆಂಡುಗಳನ್ನು 1.56ರಿಂದ ಗುಣಿಸಿದರೆ ಸಾಕು. 14 ಸೆಕೆಂಡಿನ ಅಲೆಗೆ ಸೆಕೆಂಡಿಗೆ ಸುಮಾರು 22 ಮೀ., ಗಂಟೆಗೆ ಹತ್ತಿರ ಹತ್ತಿರ 79 ಕಿ.ಮೀ. ಅಲೆಗಳ ಗುಂಪು ಮತ್ತು ಅದರ ಶಕ್ತಿ ಇದರ ಅರ್ಧ ವೇಗದಲ್ಲಿ ಸಾಗುತ್ತವೆ. ಹಾಗೆ ನೋಡಿದರೂ ದಿನಕ್ಕೆ ಸುಮಾರು 940 ಕಿ.ಮೀ. ಆಯಿತು.

ಅಲೆಯ ಎತ್ತರ ಒಂದೇ ಇದ್ದರೂ ಆವರ್ತಕಾಲ ಇಮ್ಮಡಿಯಾದರೆ ಆಳ ನೀರಿನಲ್ಲಿ ಅದು ಸಾಗಿಸುವ ಶಕ್ತಿಯೂ ಇಮ್ಮಡಿ. ಆಳದಲ್ಲಿ ತಗ್ಗಾಗಿ, ನಿಧಾನವಾಗಿ ಏಳುಬೀಳುವ ದೂರದಲೆ ದಡದ ಬಳಿ ಎದ್ದು ನಿಲ್ಲುತ್ತದೆ. ನೋಡುವವರಿಗೆ ಕಡಲು ಶಾಂತ. ಆಕಾಶ ಶುಭ್ರ, ಗಾಳಿ ಇಲ್ಲ. ಮೋಸ ಹೋಗುವುದು ಇಲ್ಲೇ.

ದಡದ ಬಳಿ ಆಗುವುದೇನು?

ಅಲೆಯ ಎತ್ತರ ನೀರಿನ ಆಳದ ಸುಮಾರು 0.78 ಪಾಲು ಆದಾಗ ಅದು ಒಡೆಯುತ್ತದೆ. ಅಂದರೆ 1 ಮೀ. ಅಲೆ ಸುಮಾರು 1.3 ಮೀ. ಆಳದಲ್ಲಿ ಒಡೆಯುತ್ತದೆ. ಇಳಿಜಾರು ಸೌಮ್ಯವಾಗಿದ್ದರೆ ಅಲೆ ದೂರದಿಂದಲೇ ನೊರೆಯಾಗಿ ಉರುಳುತ್ತಾ ಬರುತ್ತದೆ. ಬಾಡಿಬೋರ್ಡ್ ಕಲಿಯಲು ಇದೇ ಒಳ್ಳೆಯದು. ತೀರ ಕಡಿದಾಗಿದ್ದರೆ ಅಲೆ ಅಂಚಿಗೆ ಬಂದು ಒಮ್ಮೆಲೇ ಮರಳಿನ ಮೇಲೆ ಅಪ್ಪಳಿಸುತ್ತದೆ. ಇಂಥಲ್ಲಿ ತಲೆ ಮೊದಲಾಗಿ ಬಿದ್ದರೆ ಕತ್ತಿನ ಮೂಳೆಗೆ ಅಪಾಯ. ಸಾಮಾನ್ಯವಾಗಿ ಮರಳು ಒರಟಾದಷ್ಟೂ ತೀರ ಕಡಿದು. ನೀರಿಗಿಳಿಯುವ ಮುನ್ನ ಒಂದು ಹಿಡಿ ಮರಳನ್ನು ಕೈಯಲ್ಲಿ ಉಜ್ಜಿ ನೋಡುವುದೂ ಒಂದು ಪರೀಕ್ಷೆ.

ಒಡೆದ ಅಲೆಗಳು ದಡಕ್ಕೆ ನೀರು ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ಹಿಂದಿರುಗಬೇಕಲ್ಲ? ಮರಳ ದಿಬ್ಬಗಳ ನಡುವೆ ತಗ್ಗು ಸಿಕ್ಕಿದ ಕಡೆ ಅದು ಕಿರಿದಾದ ಹೊಳೆಯಂತೆ ಕಡಲಿನತ್ತ ಹರಿಯುತ್ತದೆ. ಹಿಂದೆ ಇದನ್ನು ಕಾಲಡಿಗೆ ಎಳೆದು ಮುಳುಗಿಸುವ ಒಳಸೆಳೆತ ಎಂದು ಜನ ತಿಳಿದಿದ್ದರು. ಅದು ಕೆಳಕ್ಕೆ ಎಳೆಯುವುದಿಲ್ಲ, ಉಬ್ಬರವಿಳಿತದಿಂದ ಉಂಟಾದದ್ದೂ ಅಲ್ಲ ಎಂದು 1936ರಲ್ಲಿ ಭೂವಿಜ್ಞಾನಿ ಫ್ರಾನ್ಸಿಸ್ ಶೆಪರ್ಡ್ ಸ್ಪಷ್ಟಪಡಿಸಿ ರಿಪ್ ಕರೆಂಟ್ ಎಂಬ ಹೆಸರನ್ನು ನೆಲೆಗೊಳಿಸಿದರು. ನಾವು ಸೆಳವು ಎನ್ನಬಹುದು. 1960ರ ದಶಕದ ಆರಂಭದಲ್ಲಿ ಲಾಂಗೆಟ್‌ಹಿಗಿನ್ಸ್ ಮತ್ತು ಸ್ಟುವರ್ಟ್ ಅಲೆಗಳು ನೀರನ್ನು ದಡದತ್ತ ತಳ್ಳುವ ಬಲದ ಗಣಿತವನ್ನು ಕೊಟ್ಟ ಮೇಲೆ ಅದರ ಕಾರಣವೂ ತಿಳಿಯಿತು.

ಸೆಳವಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು. ಜೋರಿದ್ದಾಗ 2 ಮೀಟರ್ ಮುಟ್ಟಬಹುದು. ಒಲಿಂಪಿಕ್ಸ್‌ನ 100 ಮೀ. ಈಜುಗಾರನ ವೇಗವೂ ಹೆಚ್ಚು ಕಡಿಮೆ ಅಷ್ಟೇ! ಇನ್ನೂ ವಿಪರ್ಯಾಸವೆಂದರೆ, ಸೆಳವು ಹರಿಯುವ ತಗ್ಗಿನಲ್ಲಿ ನೀರು ಆಳ, ಆದ್ದರಿಂದ ಅಲೆ ಅಲ್ಲಿ ಒಡೆಯುವುದಿಲ್ಲ. ಎರಡು ಬದಿಯಲ್ಲಿ ಬಿಳಿ ನೊರೆ, ನಡುವೆ ಕಪ್ಪಾದ ನಯವಾದ ಪಟ್ಟಿ. ಹೊಸಬರು ಇಲ್ಲಿ ಅಲೆಯಿಲ್ಲ, ಸುರಕ್ಷಿತ ಎಂದು ಅದೇ ಜಾಗವನ್ನು ಆರಿಸಿಕೊಳ್ಳುತ್ತಾರೆ.

ಸಿಕ್ಕಿಕೊಂಡರೆ? ದಡದತ್ತ ಎದುರೀಜಿ ಸುಸ್ತಾಗಬೇಡಿ. ಹಲಗೆಯಿದ್ದರೆ ಯಾವ ಕಾರಣಕ್ಕೂ ಬಿಡಬೇಡಿ. ತೇಲುತ್ತಾ ಕೈಯೆತ್ತಿ ಸಹಾಯ ಕೇಳಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಸರಿಯಿರಿ. ದಡದಲ್ಲಿರುವವರು ಈಜು ಬಾರದೆ ನೀರಿಗೆ ಹಾರಬಾರದು. ತೇಲುವ ವಸ್ತುವನ್ನು ಎಸೆದು ಜೀವರಕ್ಷಕರನ್ನು ಕರೆಯಬೇಕು.

ನಮ್ಮ ಕಡಲು

ದೂರದಲೆಯ ಕಥೆ ಶಾಂತಸಾಗರಕ್ಕೆ ಸೀಮಿತವಲ್ಲ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಏಳುವ ಬಿರುಗಾಳಿಗಳ ಅಲೆಗಳು ಉತ್ತರಕ್ಕೆ ಸಾಗಿ ಭಾರತದ ಕರಾವಳಿಯನ್ನು ಮುಟ್ಟುತ್ತವೆ. ಮಳೆಗಾಲಕ್ಕೆ ಮೊದಲು, ಅದರಲ್ಲೂ ಏಪ್ರಿಲ್ ಮೇ ತಿಂಗಳಲ್ಲಿ, ಗಾಳಿಮಳೆಯ ಸುಳಿವೇ ಇಲ್ಲದೆ ಕಡಲು ಉಕ್ಕಿ ಒಳನುಗ್ಗುವುದನ್ನು ಕೇರಳದ ಮೀನುಗಾರರು ಕಳ್ಳಕ್ಕಡಲ್ ಎಂದು ಕರೆದರು. ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಳ್ಳನ ಹಾಗೆ ಬರುವ ಕಡಲು. ಮೀನುಗಾರರ ಈ ಮಾತನ್ನು ವಿಜ್ಞಾನಿಗಳು ಹಾಗೆಯೇ ಎತ್ತಿಕೊಂಡರು. 2012ರಲ್ಲಿ ಯುನೆಸ್ಕೊ ಕೂಡ ಈ ಪದವನ್ನು ಒಪ್ಪಿತು. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಚುಟುಕಾಗಿ ಇನ್ಕಾಯ್ಸ್, ಇಂಥ ಅಲೆಗಳ ಮುನ್ನೆಚ್ಚರಿಕೆ ನೀಡುತ್ತದೆ.

2024ರ ಮೇ ಮೊದಲ ವಾರದಲ್ಲೂ ದಕ್ಷಿಣದ ಕರಾವಳಿಗೆ ಅಂಥ ಎಚ್ಚರಿಕೆ ಹೊರಬಿದ್ದಿತ್ತು. ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಒಂದು ತೀರದಲ್ಲಿ, ಬೇರೆ ಊರಿನಿಂದ ಬಂದಿದ್ದ ಐವರು ಯುವ ವೈದ್ಯಕೀಯ ವಿದ್ಯಾರ್ಥಿಗಳನ್ನು ಅಲೆ ಕೊಚ್ಚಿಕೊಂಡು ಹೋಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಮುರುಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಇವರಾರೂ ಅಲೆಯೇರುವ ಸಾಹಸಕ್ಕೆ ಹೋದವರಲ್ಲ. ರಜೆಯ ಖುಷಿಯಲ್ಲಿ, ತಮಗೆ ಗೊತ್ತಿಲ್ಲದ ತೀರದಲ್ಲಿ ಇದ್ದವರು.

ನಮ್ಮ ರಾಜ್ಯದಲ್ಲಿ ಅಲೆಸವಾರಿಯೂ ಬೇರುಬಿಟ್ಟಿದೆ. ಮೂಲ್ಕಿಯಲ್ಲಿ 2004ರಲ್ಲಿ ಸರ್ಫಿಂಗ್ ಕ್ಲಬ್ ಆರಂಭವಾಯಿತು. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು. ಅಳಿವೆಯ ತೀರದಲ್ಲಿ ಮರಳ ದಿಬ್ಬಗಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತವೆ. ಆದ್ದರಿಂದ ಕಳೆದ ವರ್ಷ ಪರಿಚಿತವಾಗಿದ್ದ ತೀರ ಈ ವರ್ಷ ಅಪರಿಚಿತವೇ. ಅಲ್ಲಿ ವರ್ಷವಿಡೀ ಇರುವವರಿಗೆ ಇದು ಗೊತ್ತು. ಪಶ್ಚಿಮ ಕರಾವಳಿಯ ಮೀನುಗಾರಿಕೆ ನಿಷೇಧದ ಅವಧಿ ಜೂನ್ 1ರಿಂದ ಜುಲೈ 31. ಯಂತ್ರದೋಣಿಗಳೇ ದಡದಲ್ಲಿ ಕುಳಿತಿರುವಾಗ ಪ್ರವಾಸಿಗ ನೀರಿಗಿಳಿಯುವುದರಲ್ಲಿ ಅರ್ಥವಿಲ್ಲ.

ಶಿಕ್ಷಕರಿಗೆ ಒಂದು ಪ್ರಯೋಗ

ಪ್ರವಾಸದಲ್ಲಿ ಕಡಲತೀರವಿದ್ದರೆ ಮೊದಲ ಅರ್ಧ ಗಂಟೆ ಯಾರನ್ನೂ ನೀರಿಗೆ ಬಿಡಬೇಡಿ. ಎಲ್ಲರನ್ನೂ ಎತ್ತರದ ಜಾಗದಲ್ಲಿ ಕೂರಿಸಿ ನೋಟುಬುಕ್ ತೆರೆಸಿ.

ಒಂದು, ದೂರದ ಒಂದು ಗುರುತನ್ನು ದಾಟುವ ಹನ್ನೊಂದು ನೆತ್ತಿಗಳನ್ನು ಎಣಿಸಿ, ಮೊದಲನೆಯದರಿಂದ ಹನ್ನೊಂದನೆಯದರವರೆಗಿನ ಸಮಯವನ್ನು ಹತ್ತರಿಂದ ಭಾಗಿಸಿ. ಸಿಗುವುದು ಆವರ್ತಕಾಲ. ಹನ್ನೆರಡು ಸೆಕೆಂಡು ಮೀರಿದ್ದರೆ ಅಲೆ ಬಹುದೂರದ್ದು, ಶಕ್ತಿ ಹೆಚ್ಚಿನದು. ಎರಡು, ತೀರದ ನಕ್ಷೆ ಬರೆದು ನೊರೆ ಎಲ್ಲಿ, ನಯವಾದ ಕಪ್ಪು ಪಟ್ಟಿ ಎಲ್ಲಿ ಎಂದು ಗುರುತಿಸಿ. ಮೂರು, ಅಂದಿನ ಉಬ್ಬರ ಇಳಿತದ ಸಮಯ ಬರೆಯಿರಿ. ಎಷ್ಟೋ ತೀರಗಳಲ್ಲಿ ಇಳಿತದ ಹೊತ್ತಿಗೆ ಸೆಳವು ಬಲಗೊಳ್ಳುತ್ತದೆ. ನಾಲ್ಕು, ಇನ್ಕಾಯ್ಸ್ ಮುನ್ಸೂಚನೆಯಲ್ಲಿ ಎಚ್ಚರಿಕೆ ಇದೆಯೇ ನೋಡಿ. ಐದು, ಅಲ್ಲಿನ ಮೀನುಗಾರರನ್ನೋ ಜೀವರಕ್ಷಕರನ್ನೋ ಕೇಳಿ: ಇಲ್ಲಿ ಎಲ್ಲಿ ಇಳಿಯಬಾರದು? ಕೆಂಪು ಬಾವುಟ ಹಾರುತ್ತಿದ್ದರೆ ಉಳಿದ ನಾಲ್ಕು ಉತ್ತರಗಳು ಏನೇ ಇರಲಿ, ಅಂದು ನೀರಿಗಿಳಿಯುವಂತಿಲ್ಲ.

ಮಕ್ಕಳು ಗೊಣಗಬಹುದು. ಗೊಣಗಲಿ. ಭೌತವಿಜ್ಞಾನದ ಒಂದು ಅಧ್ಯಾಯ ಅವರ ಕಣ್ಣೆದುರೇ ಉರುಳಿ ಬರುತ್ತಿರುತ್ತದೆ. ಬಂಡೆಗಳ ಸಾಲಿನಲ್ಲಿ ಕಿಂಡಿ ಎಲ್ಲಿದೆ ಎಂದು ಹವಾಯಿಯ ಸವಾರನಿಗೆ ಬಾಲ್ಯದಿಂದಲೇ ಗೊತ್ತಿತ್ತು. ಕಿಂಡಿ ತಪ್ಪುತ್ತದೆ ಎಂದು ಕಂಡಾಗ ಹಲಗೆಯನ್ನು ಬಿಟ್ಟು ಹಿಂದಿರುಗುವುದೂ ಗೊತ್ತಿತ್ತು. ನಾವು ಒಂದು ದಿನಕ್ಕೆ ಬಂದ ಅತಿಥಿಗಳು. ನಮಗೆ ಆ ಬಾಲ್ಯವಿಲ್ಲ. ಅದಕ್ಕೆ ಬದಲಾಗಿ ಅರ್ಧ ಗಂಟೆ, ಒಂದು ಗಡಿಯಾರ ಮತ್ತು ಸ್ಥಳೀಯರನ್ನು ಕೇಳುವ ಸೌಜನ್ಯ ಇವೆ. ಅವನ್ನು ಬಳಸಿಕೊಂಡ ಮೇಲೆ, ತೀರ ಒಪ್ಪಿದರೆ, ಹಲಗೆ ಹಿಡಿದು ಇಳಿಯಿರಿ. ಒಪ್ಪದಿದ್ದರೆ ದಡದಲ್ಲೇ ಕುಳಿತು ಅಲೆ ಎಣಿಸಿ. ಮುಂದಿನ ರಜೆ ಬಂದೇ ಬರುತ್ತದೆ.